‘ನಂದಿನಿ ಉಳಿಸಿ’ ಎಂದ ಮೇಲೆ ಹಾಲು ಹಾಕುವವರಿಗೆ ಏನು ಸಿಕ್ಕಿತು?

ಚಿಂತಾಮಣಿ_ಚಂದ್ರು
ಎಲ್ಲರಿಗೂ ನಮಸ್ಕಾರ. ಜಗಳ ಮಾಡಲು ಈ ಪ್ರಶ್ನೆ ಹಾಕುತ್ತಿಲ್ಲ. ಆದರೆ ಜಗಳ ಆಗುತ್ತದೆ ಅಂತ ಗೊತ್ತು.

2023ರ ಏಪ್ರಿಲ್ 5ರಂದು ಗುಜರಾತಿನ ಹಾಲು ಸಹಕಾರಿ ಅಮುಲ್ ‘ಬೆಂಗಳೂರಿಗೆ ಬರುತ್ತಿದ್ದೇವೆ’ ಅಂತ ಟ್ವೀಟ್ ಮಾಡಿತು. ಮೇ 10ಕ್ಕೆ ವಿಧಾನಸಭೆ ಮತದಾನ. ನಡುವಿನ ಐದು ವಾರ ಇಡೀ ರಾಜ್ಯ ಹಾಲಿನ ಬಗ್ಗೆಯೇ ಮಾತಾಡಿತು. ಬೆಂಗಳೂರಿನ ಹೋಟೆಲ್ ಮಾಲೀಕರ ಸಂಘ ‘ನಂದಿನಿ ಮಾತ್ರ ಬಳಸುತ್ತೇವೆ’ ಅಂದಿತು. ರಾಹುಲ್ ಗಾಂಧಿ ನಂದಿನಿ ಐಸ್‌ಕ್ರೀಂ ತಿಂದು ಫೋಟೊ ತೆಗೆಸಿಕೊಂಡರು. ನಾನೂ ‘ನಂದಿನಿ ಉಳಿಸಿ’ ಅಂತ ಪ್ರೊಫೈಲ್ ಚಿತ್ರ ಬದಲಾಯಿಸಿದ್ದೆ. ಈಗಲೂ ಅದರ ಬಗ್ಗೆ ನನಗೆ ಬೇಸರ ಇಲ್ಲ.

ಊರಲ್ಲಿ ನಮ್ಮ ಮನೆಯಲ್ಲಿ ಸೀಮೆ ಹಸುಗಳಿವೆ. ಅಮ್ಮ ಎರಡು ಹೊತ್ತೂ ಡೇರಿಗೆ ಹಾಲು ಹಾಕುತ್ತಾರೆ. ಆಗ ಬೆಂಗಳೂರಿನಲ್ಲಿ ನೀಲಿ ಪ್ಯಾಕೆಟ್ ಹಾಲು ಲೀಟರಿಗೆ 39 ರೂಪಾಯಿ ಇತ್ತು. ಅದೇ ವರ್ಷ ಆಗಸ್ಟ್‌ನಲ್ಲಿ 42 ಆಯಿತು. 2025ರ ಏಪ್ರಿಲ್‌ನಲ್ಲಿ 46. ಅಮ್ಮನಿಗೆ ಡೇರಿಯಿಂದ ಬರುವ ಬಟವಾಡೆಯೂ ಜಾಸ್ತಿ ಆಗಿದೆ, ಇಲ್ಲ ಅನ್ನಲ್ಲ. ಆದರೆ ಹಿಂಡಿ, ಬೂಸಾ, ಫೀಡು, ಜೋಳದ ಕಡ್ಡಿ, ಡಾಕ್ಟರ್ ಖರ್ಚು ಕಳೆದರೆ ‘ಉಳಿಯೋದು ಗೊಬ್ಬರ ಒಂದೇ ಕಣಪ್ಪ’ ಅಂತಾರೆ. ಅವರ ಕೂಲಿಯನ್ನು ಅವರು ಲೆಕ್ಕಕ್ಕೇ ಹಿಡಿಯಲ್ಲ, ಅದು ಬೇರೆ ಮಾತು.

ಪ್ರಶ್ನೆ ಇಷ್ಟೇ. ಕನ್ನಡದ ಹೆಸರಲ್ಲಿ ನಾವು ಉಳಿಸಿದ್ದು ಬ್ರ್ಯಾಂಡನ್ನೋ, ಹಾಲು ಹಾಕುವವರನ್ನೋ?

ಕಾಫಿಪುಡಿ
ಎರಡೂ ಒಂದೇ ಅಲ್ವಾ? ಬ್ರ್ಯಾಂಡ್ ಹೋದರೆ ರೈತ ಎಲ್ಲಿ ಉಳೀತಾನೆ?

ಹೇಮಾವತಿ_ಬಲದಂಡೆ
ಕಾಫಿಪುಡಿ ಅವರೇ, ಅಷ್ಟು ಸುಲಭ ಇಲ್ಲ. ಆದರೆ ಚಂದ್ರು ಅವರು ಕಥೆಯನ್ನು ಟ್ವೀಟ್‌ನಿಂದ ಶುರು ಮಾಡಿದ್ದು ಸರಿಯಿಲ್ಲ. 2022ರ ಡಿಸೆಂಬರ್ 30ರಂದು ಮಂಡ್ಯದ ಗೆಜ್ಜಲಗೆರೆಯಲ್ಲಿ ಮೆಗಾ ಡೇರಿ ಉದ್ಘಾಟನೆ ಆಯಿತು. ಅಮುಲ್ ಮತ್ತು ಕೆಎಂಎಫ್ (ನಂದಿನಿ ಮಾರುವ ನಮ್ಮ ಹಾಲು ಮಹಾಮಂಡಳ) ಕೈಜೋಡಿಸಬೇಕು ಅಂತ ಅಮಿತ್ ಶಾ ಹೇಳಿದ್ದು ಅಲ್ಲಿ. ಅವರು ಬರೀ ಗೃಹ ಸಚಿವರಲ್ಲ, 2021ರಲ್ಲಿ ಹೊಸದಾಗಿ ಮಾಡಿದ ಸಹಕಾರ ಖಾತೆಯೂ ಅವರದೇ. ಸಹಕಾರ ಸಂಘ ಸಂವಿಧಾನದ ಪ್ರಕಾರ ರಾಜ್ಯದ ವಿಷಯ. ನಂದಿನಿಯನ್ನು ಅಮುಲ್‌ನಲ್ಲಿ ವಿಲೀನ ಮಾಡುತ್ತಾರೆ ಅಂತ ಜನಕ್ಕೆ ಅನುಮಾನ ಬಂದದ್ದು ಸುಮ್ನೆ ಅಲ್ಲ. ಬ್ಯಾಂಕ್‌ಗಳ ವಿಷಯದಲ್ಲಿ ಕೈ ಸುಟ್ಟುಕೊಂಡವರು ನಾವು. ವಿಜಯಾ ಬ್ಯಾಂಕ್, ಕಾರ್ಪೊರೇಷನ್ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್ ಈಗ ಎಲ್ಲಿವೆ ಹೇಳಿ?

ನೇರನುಡಿ
ವಿಲೀನ ಅಂತ ಅಮಿತ್ ಶಾ ಹೇಳಲೇ ಇಲ್ಲ. ಸಹಕಾರ ಅಂದರು. ಚುನಾವಣೆ ಹತ್ತಿರ ಇತ್ತು, ಕಾಂಗ್ರೆಸ್ ಮತ್ತು ಜೆಡಿಎಸ್‌ಗೆ ಒಂದು ವಿಷಯ ಬೇಕಿತ್ತು, ಸಿಕ್ಕಿತು. ಆಗ ಅಮುಲ್‌ನ ಅದೇ ತರಹದ ಹಾಲು ಬೆಂಗಳೂರಲ್ಲಿ 54 ರೂಪಾಯಿ, ನಂದಿನಿ 39. ಹದಿನೈದು ರೂಪಾಯಿ ಜಾಸ್ತಿ ಕೊಟ್ಟು ಯಾರು ಕೊಳ್ಳುತ್ತಿದ್ದರು? ಇಲ್ಲದ ಶತ್ರುವಿನ ಜೊತೆ ಯುದ್ಧ ಮಾಡಿದಿರಿ.

ಹೇಮಾವತಿ_ಬಲದಂಡೆ
ಇಲ್ಲದ ಶತ್ರು ಅಂದರೆ ಹೇಗೆ? ಅದೇ 2023ರಲ್ಲೇ ಬಹುರಾಜ್ಯ ಸಹಕಾರ ಸಂಘಗಳ ಕಾಯ್ದೆಗೆ ತಿದ್ದುಪಡಿ ತಂದರು. ರಾಜ್ಯದ ಸಂಘವೊಂದು ಬಹುರಾಜ್ಯ ಸಂಘದಲ್ಲಿ ವಿಲೀನ ಆಗಲು ದಾರಿ ಮಾಡಿದರು. ಬಾಗಿಲು ಇಟ್ಟವರು ಯಾವತ್ತೋ ಒಳಗೆ ಬರಲಿಕ್ಕೇ ಇಟ್ಟಿರುತ್ತಾರೆ.

ಮಾಜಿ_ಕಾರ್ಯದರ್ಶಿ
ನಾನು ಹಾಲು ಉತ್ಪಾದಕರ ಸಂಘವೊಂದರಲ್ಲಿ ಕಾರ್ಯದರ್ಶಿ ಆಗಿದ್ದವನು. ಚಂದ್ರು ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಪೇಟೆಯವರು ಪ್ಯಾಕೆಟ್ ಬೆಲೆ ನೋಡುತ್ತಾರೆ. ರೈತನಿಗೆ ಕೊಡುವ ದರ ನಿಗದಿ ಮಾಡುವುದು ಆಯಾ ಜಿಲ್ಲೆಯ ಒಕ್ಕೂಟ. ಆದ್ದರಿಂದಲೇ ಒಂದು ಒಕ್ಕೂಟದ ದರ ಇನ್ನೊಂದರಲ್ಲಿ ಇರಲ್ಲ. ಹಾಲು ಜಾಸ್ತಿ ಬರುವ ಕಾಲದಲ್ಲಿ ದರ ಇಳಿಸುತ್ತಾರೆ, ಬೇಸಿಗೆಯಲ್ಲಿ ಏರಿಸುತ್ತಾರೆ. ಇನ್ನು ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಮಿಕ್ಕ ಘನಾಂಶ). ಎಸ್‌ಎನ್‌ಎಫ್ 8.5 ಬರಲಿಲ್ಲ ಅಂದರೆ ದರ ಕಡಿತ. ಎಚ್‌ಎಫ್ ಅನ್ನುವ ಸೀಮೆ ಹಸುಗೆ ಸರಿಯಾಗಿ ಮೇವು ಹಾಕದಿದ್ದರೆ ಹಾಲು ಬರುತ್ತೆ, ಗಟ್ಟಿತನದ ಡಿಗ್ರಿ ಬರಲ್ಲ. ನೀರು ಬೆರೆಸಿದ್ದೀಯಾ ಅಂತ ಕೇಳಿದರೆ ಹೆಣ್ಣುಮಕ್ಕಳು ಅಳುತ್ತಿದ್ದರು. ಬೆರೆಸಿರುತ್ತಿರಲಿಲ್ಲ.

ಆದರೆ ಖಾಸಗಿಯವರಿಗೂ ಸಂಘಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಸಂಘ ಹಾಲು ಬೇಡ ಅನ್ನುವ ಹಾಗಿಲ್ಲ. 2020ರ ಲಾಕ್‌ಡೌನ್ ನೆನಪಿದೆಯಾ? ಹೋಟೆಲ್ ಮುಚ್ಚಿದವು, ಮದುವೆ ನಿಂತವು. ನಮ್ಮ ಕಡೆ ಖಾಸಗಿ ಡೇರಿಯ ಗಾಡಿ ಬರುವುದು ನಿಂತಿತು. ಸಂಘದ ಕ್ಯಾನ್ ಮಾತ್ರ ದಿನಾ ಹೋಯಿತು. ಮಿಕ್ಕ ಹಾಲನ್ನು ಸರ್ಕಾರ ಕೊಂಡು ಬಡವರಿಗೆ ಪುಕ್ಕಟೆ ಹಂಚಿತು. 2013ರ ಆಗಸ್ಟ್‌ನಲ್ಲಿ ಶುರುವಾದ ಕ್ಷೀರಭಾಗ್ಯದ ಹಿಂದೆಯೂ ಇದೇ ಲೆಕ್ಕ ಇತ್ತು. ಮಕ್ಕಳಿಗೆ 150 ಎಂಎಲ್ ಹಾಲೂ ಆಯಿತು, ಗೋದಾಮಿನಲ್ಲಿ ಬಿದ್ದಿದ್ದ ಪೌಡರೂ ಖರ್ಚಾಯಿತು.

ಹಾಗಾಗಿ ‘ಉಳಿಸಿ’ ಅಂದದ್ದು ದಂಡ ಅಂತ ನಾನು ಹೇಳಲಾರೆ. ಕೊಳ್ಳುವವನು ಒಬ್ಬ ಖಾಯಂ ಇರುವುದು ಹಳ್ಳಿಯಲ್ಲಿ ಸಣ್ಣ ವಿಷಯ ಅಲ್ಲ. ಟೊಮೆಟೊ ಬೆಳೆದವರನ್ನು ಕೇಳಿ.

ಕೋಲಾರ_ಮಂಡಿ
ಕೇಳಿದ್ದೀರಲ್ಲ, ಹೇಳುತ್ತೇನೆ. 2023ರ ಜುಲೈನಲ್ಲಿ ಟೊಮೆಟೊಗೆ ಕಾವಲು ಇಟ್ಟಿದ್ದೆವು. ಬೇರೆ ವರ್ಷ ಅದೇ ಟೊಮೆಟೊ ರಸ್ತೆ ಬದಿ ಸುರಿದಿದ್ದೇವೆ. ಮನೆಗೆ ದಿನಸಿ ಬರುವುದು ಹಾಲಿನ ಬಟವಾಡೆಯಿಂದಲೇ. ಟೊಮೆಟೊ ಲಾಟರಿ, ಹಾಲು ಸಂಬಳ.

ಹೊಸಕೋಟೆ_ಹುಡುಗಿ
‘ಸಂಬಳ’ ಯಾರ ಹೆಸರಿಗೆ ಬರುತ್ತೆ ಅಂತಲೂ ಹೇಳಿ ಅಣ್ಣಾ. ಹುಲ್ಲು ಕೊಯ್ಯೋದು, ಸೆಗಣಿ ಬಾಚೋದು, ಹಾಲು ಕರೆಯೋದು ಅಮ್ಮ, ಅತ್ತೆ, ಸೊಸೆ. ಸದಸ್ಯತ್ವ ಮಾವನ ಹೆಸರಿಗೆ. ಮಹಾಸಭೆಯಲ್ಲಿ ಕೂರೋದು ಗಂಡಸರು. ಮಹಿಳಾ ಸಂಘ ಇರುವ ಊರಲ್ಲಿ ಪರಿಸ್ಥಿತಿ ಎಷ್ಟೋ ವಾಸಿ, ದುಡ್ಡು ನೇರ ಅವರ ಖಾತೆಗೆ ಬೀಳುತ್ತೆ.

ಜೋಳದರೊಟ್ಟಿ
ಬರೀ ಹಳೇ ಮೈಸೂರಿನ ಕಥೀನೇ ನಡದೈತಲ್ರೀ. ನಮ್ಮ ಹಾವೇರಿ ಕಡೆ ಬನ್ನಿ. ನಂದಿನಿ ಗದ್ದಲ ಜೋರಾಗಿದ್ದ ದಿನಗಳಲ್ಲೇ ಬ್ಯಾಡಗಿ ಮಾರುಕಟ್ಟೆಗೆ ಗುಜರಾತಿನ ‘ಪುಷ್ಪಾ’ ಮೆಣಸಿನಕಾಯಿ ಬಂದಿದೆ ಅಂತ ಸುದ್ದಿ ಆಯಿತು. ನೋಡಲು ಕೆಂಪಗೆ, ಥಳಥಳ. ಬ್ಯಾಡಗಿಯ ಹೆಸರು ಇರುವುದು ಬಣ್ಣಕ್ಕೆ ಮತ್ತು ಕಡಿಮೆ ಖಾರಕ್ಕೆ. ಡಬ್ಬಿ, ಕಡ್ಡಿ ಅಂತ ಎರಡು ತಳಿ. 2011ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ. ಬೆಂಗಳೂರಿನವರು ಟ್ವಿಟರ್‌ನಲ್ಲಿ ‘ಅಮುಲ್ ಆಯ್ತು, ಈಗ ಮೆಣಸಿನಕಾಯಿ’ ಅಂತ ಎರಡು ದಿನ ಕೂಗಿ ಸುಮ್ಮನಾದರು.

2024ರ ಮಾರ್ಚ್ 11ಕ್ಕೆ ಏನಾಯಿತು? ರೇಟ್ ಒಮ್ಮೆಲೇ ಬಿತ್ತು ಅಂತ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು. ಗಾಡಿಗಳಿಗೆ ಬೆಂಕಿ ಬಿತ್ತು. ಆ ಗುಂಪಿನಲ್ಲಿ ಬಳ್ಳಾರಿಯವರೂ ಇದ್ದರು, ಆಂಧ್ರದವರೂ ಇದ್ದರು. ರೇಟ್ ಬಿದ್ದಾಗ ಕನ್ನಡದವನಿಗೆ ಒಂದು, ತೆಲುಗಿನವನಿಗೆ ಒಂದು ಅಂತ ಬೀಳಲಿಲ್ಲ. ಆವತ್ತು ಯಾರೂ ಪ್ರೊಫೈಲ್ ಚಿತ್ರ ಬದಲಾಯಿಸಲಿಲ್ಲ ನೋಡಿ.

ಕಾಫಿಪುಡಿ
ಹಾಲು ದಿನಾ ಮನೆ ಬಾಗಿಲಿಗೆ ಬರುತ್ತೆ. ಮೆಣಸಿನಕಾಯಿ ವರ್ಷಕ್ಕೊಮ್ಮೆ ಅಮ್ಮ ತಂದು ಒಣಗಿಸ್ತಾರೆ. ಅದಕ್ಕೇ ಇರಬೇಕು.

ಜೋಳದರೊಟ್ಟಿ
ಅದನ್ನೇ ನಾನೂ ಹೇಳಿದ್ದು. ಗಿರಾಕಿ ಬೆಂಗಳೂರಿನಲ್ಲಿದ್ದರೆ ಅಸ್ಮಿತೆ, ಗಿರಾಕಿ ಮಸಾಲೆ ಕಂಪನಿ ಆದರೆ ಬರೀ ಮಾರುಕಟ್ಟೆ.

ಕಾಸರಗೋಡಿನಿಂದ
ಇಲ್ಲಿ ಗಡಿಯಾಚೆ ಕೂತು ನೋಡುವವರಿಗೆ ಇದು ಇನ್ನೂ ತಮಾಷೆಯಾಗಿ ಕಾಣುತ್ತದೆ. ಅಮುಲ್‌ಗೆ ‘ಬರಬೇಡಿ’ ಅಂದ ಅದೇ 2023ರಲ್ಲಿ ನಂದಿನಿ ಕೇರಳದಲ್ಲಿ ಮಳಿಗೆ ತೆರೆಯಿತು. ಇಲ್ಲಿನ ಹಾಲು ಸಹಕಾರಿ ಮಿಲ್ಮಾದವರು ‘ಇದು ಸಹಕಾರ ಧರ್ಮ ಅಲ್ಲ’ ಅಂದರು, ಕೇರಳದ ಸಚಿವರೂ ವಿರೋಧಿಸಿದರು. ಅಮುಲ್ ಬಗ್ಗೆ ಬೆಂಗಳೂರಿನಲ್ಲಿ ಆಡಿದ ಮಾತುಗಳನ್ನೇ ನಂದಿನಿ ಬಗ್ಗೆ ಮಲಯಾಳದಲ್ಲಿ ಆಡುತ್ತಿದ್ದರು. ಅದೇ ಮೇ ತಿಂಗಳಲ್ಲಿ ತಮಿಳುನಾಡಿನ ಸ್ಟಾಲಿನ್ ಅಮಿತ್ ಶಾಗೆ ಪತ್ರ ಬರೆದರು, ಕೃಷ್ಣಗಿರಿ ಕಡೆ ಅಮುಲ್ ಹಾಲು ಸಂಗ್ರಹ ನಿಲ್ಲಿಸಲಿ ಅಂತ.

ನಾನು ಕನ್ನಡಿಗ, ನಂದಿನಿ ಸಿಕ್ಕರೆ ಖುಷಿ. ಪಕ್ಕದ ಮನೆಯ ಮಲಯಾಳಿ ಮಿಲ್ಮಾಗೆ ಹಾಲು ಹಾಕುತ್ತಾನೆ. ಅವನಿಗೆ ನಾನು ಏನು ಹೇಳಲಿ?

ನೇರನುಡಿ
👆 ಇದನ್ನೇ ನಾನು ಮೂರು ವರ್ಷದಿಂದ ಹೇಳುತ್ತಿರುವುದು. ನಂದಿನಿ ಮುಂಬೈ, ಸೊಲ್ಲಾಪುರ, ಹೈದರಾಬಾದ್, ಚೆನ್ನೈಗೆ ಹೋಗಬಹುದು, 2024ರ ನವೆಂಬರ್‌ನಲ್ಲಿ ದೆಹಲಿಗೂ ಹೋಯಿತು. ಅಮುಲ್ ಮಾತ್ರ ಇಲ್ಲಿಗೆ ಬರಬಾರದು. ಇದ್ಯಾವ ನ್ಯಾಯ?

ಹೇಮಾವತಿ_ಬಲದಂಡೆ
ದೆಹಲಿಯಲ್ಲಿ ಯಾವ ರಾಜ್ಯದ ರೈತರ ಸಂಘದ ಹೊಟ್ಟೆ ಮೇಲೆ ಹೊಡೆದಂತಾಯಿತು ಹೇಳಿ. ಕೇರಳದ ಮಾತು ಬೇರೆ, ಅದನ್ನು ನಾನು ಒಪ್ಪುತ್ತೇನೆ. ಒಬ್ಬರ ಸೀಮೆಯಲ್ಲಿ ಇನ್ನೊಬ್ಬರು ಪ್ಯಾಕೆಟ್ ಹಾಲು ಮಾರಬಾರದು ಅನ್ನುವ ಮರ್ಯಾದೆ ಸಹಕಾರಿಗಳ ನಡುವೆ ಇತ್ತು. ಎಲ್ಲರೂ ಮುರಿದಿದ್ದಾರೆ, ನಮ್ಮವರೂ ಸೇರಿ.

ನ್ಯೂಜೆರ್ಸಿ_ನಾಗ
2024ರ ಟಿ20 ವಿಶ್ವಕಪ್‌ನಲ್ಲಿ ಸ್ಕಾಟ್ಲೆಂಡ್ ಆಟಗಾರರ ಅಂಗಿ ಮೇಲೆ ನಂದಿನಿ ಕಂಡಾಗ ಇಲ್ಲಿ ನಾವೆಲ್ಲ ಕಿರುಚಿದ್ದೇ ಕಿರುಚಿದ್ದು. ಐರ್ಲೆಂಡ್‌ಗೂ ಇವರೇ ಪ್ರಾಯೋಜಕರು. ರೋಮಾಂಚನ!

ಚಿಂತಾಮಣಿ_ಚಂದ್ರು
ನಾಗ ಅವರೇ, ನನಗೂ ಖುಷಿ ಆಯಿತು. ಅಮ್ಮನಿಗೆ ಫೋಟೊ ತೋರಿಸಿದೆ. ‘ಆ ದುಡ್ಡು ಯಾರದು?’ ಅಂತ ಕೇಳಿದರು.

ನ್ಯೂಜೆರ್ಸಿ_ನಾಗ
ಜಾಹೀರಾತು ಇಲ್ಲದೆ ತುಪ್ಪ, ಪೇಡ ಹೊರಗಡೆ ಮಾರಲು ಆಗಲ್ಲ. ಅಮ್ಮನಿಗೆ ಅದನ್ನೂ ಹೇಳಿ.

ಸೂಜಿ_ಡಾಕ್ಟ್ರು
ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುವವನು, ಹೆಸರು ಬೇಡ. ಇಷ್ಟು ಹೊತ್ತು ಎಲ್ಲರೂ ಪ್ಯಾಕೆಟ್ ಬಗ್ಗೆ ಮಾತಾಡಿದಿರಿ. ಹಸು ಬಗ್ಗೆ ಒಬ್ಬರೂ ಮಾತಾಡಲಿಲ್ಲ.

ಹಾಲಿನ ಲೆಕ್ಕ ಲೀಟರಿನ ದರದಲ್ಲಿ ಮುಗಿಯಲ್ಲ. ಹಸು ಐದಾರು ಸೂಲು ಕೊಟ್ಟ ಮೇಲೆ ಏನು ಮಾಡುತ್ತೀರಿ? ಗಂಡು ಕರು ಹುಟ್ಟಿದರೆ ಏನು ಮಾಡುತ್ತೀರಿ? ಹಳೇ 1964ರ ಗೋಹತ್ಯೆ ತಡೆ ಕಾಯ್ದೆಯಲ್ಲಿ ಹಸು ಕಡಿಯುವ ಹಾಗಿರಲಿಲ್ಲ, ಆದರೆ 12 ವರ್ಷ ದಾಟಿದ ಎತ್ತು, ಎಮ್ಮೆಗೆ ಅವಕಾಶ ಇತ್ತು. 2020ರ ಹೊಸ ಕಾಯ್ದೆ 2021ರಿಂದ ಜಾರಿಗೆ ಬಂತು. ಈಗ 13 ವರ್ಷ ದಾಟಿದ ಎಮ್ಮೆ, ಕೋಣ ಬಿಟ್ಟರೆ ಬೇರೆ ಯಾವುದಕ್ಕೂ ಇಲ್ಲ. ಮೂರರಿಂದ ಏಳು ವರ್ಷ ಜೈಲು. ದಂಡ ಶುರುವಾಗುವುದೇ 50,000 ರೂಪಾಯಿಯಿಂದ. ಮಾರಲು ಸಾಗಿಸುವವನಿಗೂ ಭಯ. ಕೊಳ್ಳುವವರು ಬರುವುದು ಕಡಿಮೆಯಾಯಿತು. ಮೊದಲು ಮುದಿ ಹಸು ಮಾರಿದ ದುಡ್ಡು ಹೊಸ ಕಡಸಿಗೆ ಮುಂಗಡ ಆಗುತ್ತಿತ್ತು. ಈಗ ರಾತ್ರಿ ಹೋಗಿ ಬೇರೆ ಊರಿನ ಹತ್ತಿರ ಬಿಟ್ಟು ಬರುತ್ತಾರೆ. ಎಚ್‌ಎಫ್ ಗಂಡು ಕರುಗೆ ಉಳುಮೆಯೂ ಬರಲ್ಲ, ಬಿಸಿಲೂ ತಡೆಯಲ್ಲ. ಹಾಲು ಕುಡಿಸದೆ ಬಿಟ್ಟ ಕರುಗಳನ್ನು ನಾನು ನೋಡಿದ್ದೇನೆ.

ಇದೂ ಅಸ್ಮಿತೆಯ ರಾಜಕಾರಣವೇ. ನಂದಿನಿಯದು ಭಾಷೆ, ಇದು ಧರ್ಮ. ಎರಡರಲ್ಲೂ ಬಿಲ್ ಬರುವುದು ಕೊಟ್ಟಿಗೆಗೆ.

ಗೋಸೇವಕ_ತುಮಕೂರು
ಡಾಕ್ಟ್ರೇ, ಹಾಲು ಕೊಟ್ಟ ತಾಯಿಯನ್ನು ಕಟುಕರಿಗೆ ಮಾರುವುದು ಆರ್ಥಿಕತೆ ಅಂತೀರಾ? ಗೋಶಾಲೆಗಳಿವೆ. ಸಗಣಿ, ಗಂಜಲದಿಂದ ಆದಾಯ ಇದೆ. ಹಳ್ಳಿಕಾರ್, ಮಲೆನಾಡು ಗಿಡ್ಡ ಸಾಕಿದ್ದರೆ ಈ ಸಮಸ್ಯೆಯೇ ಬರುತ್ತಿರಲಿಲ್ಲ. ಸೀಮೆ ಹಸು ತಂದಿದ್ದೇ ತಪ್ಪು.

ಕೋಲಾರ_ಮಂಡಿ
ಮಲೆನಾಡು ಗಿಡ್ಡದ ಹಾಲು ಹಾಕಿ ಮಗಳ ಮದುವೆ ಮಾಡಿ ತೋರಿಸಿ ಸ್ವಾಮಿ. ಆಮೇಲೆ ಮಾತಾಡೋಣ.

ಸೂಜಿ_ಡಾಕ್ಟ್ರು
ಗೋಸೇವಕರೇ, ನಿಮ್ಮ ನಂಬಿಕೆಗೆ ನನ್ನ ತಕರಾರಿಲ್ಲ, ನನ್ನ ಮನೆಯಲ್ಲೂ ದನಗಳ ಹಬ್ಬ ಮಾಡುತ್ತೇವೆ. ಮುದಿ ಹಸುವಿಗೂ ಮೇವು ಬೇಕು. ಅದನ್ನು ಯಾರು ಕೊಡಬೇಕು ಅನ್ನುವುದಷ್ಟೇ ನನ್ನ ಪ್ರಶ್ನೆ. ಕಾಯ್ದೆ ಮಾಡಿದವರು ಕೊಡಲಿ. ಹೆಣ್ಣು ಕರುವೇ ಹುಟ್ಟುವ ಹಾಗೆ ವಿಂಗಡಿಸಿದ ವೀರ್ಯದ ಕಡ್ಡಿ ಬಂದಿದೆ, ನೂರಕ್ಕೆ ತೊಂಬತ್ತರಷ್ಟು ಹೆಣ್ಣೇ ಆಗುತ್ತದೆ. ಗಂಡು ಕರುವಿನ ಸಮಸ್ಯೆಗೆ ಅದು ಒಂದು ದಾರಿ. ಮುದಿ ಹಸುವಿಗೆ ಯಾವ ದಾರಿಯೂ ಇಲ್ಲ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಹಸು ಸತ್ತವರ ಮನೆಗೆ ಹೋಗಿದ್ದೇನೆ. ರೈತರಿಗೆ ಹಸು ಮೇಲೆ ಪ್ರೀತಿ ಇಲ್ಲ ಅಂತ ದಯವಿಟ್ಟು ಪಾಠ ಮಾಡಬೇಡಿ.

ಗೋಸೇವಕ_ತುಮಕೂರು
ನಾನು ಹಾಗೆ ಹೇಳಲಿಲ್ಲ.

ಬೀದಿಬದಿ
ಹಾಗೇ ಹೇಳಿದ್ದು ನೀವು. ‘ಕಟುಕರು’ ಅಂತ ಯಾರನ್ನು ಅಂದಿರಿ ಅನ್ನೋದೂ ಎಲ್ಲರಿಗೂ ಗೊತ್ತಿದೆ. ಆ ಜನವೂ ಜಾತ್ರೆಯಲ್ಲಿ ನಮ್ಮ ದನ ಕೊಂಡವರೇ. ಹಳ್ಳಿಯ ವ್ಯಾಪಾರದಲ್ಲಿ ಎರಡು ಕಡೆ ಇತ್ತು, ಒಂದನ್ನು ಕತ್ತರಿಸಿದಿರಿ.

ನಿರ್ವಾಹಕ
ಧರ್ಮದ ವಿಷಯ ಇಲ್ಲಿಗೆ ಸಾಕು. ವೈಯಕ್ತಿಕ ಮಾತು ಬಂದರೆ ಎಳೆಯನ್ನು ಮುಚ್ಚುತ್ತೇನೆ. ಹಾಲಿಗೆ ಬನ್ನಿ.

ಪಾಲಾರ್_ದಡ
ಜಾತಿ ಬಗ್ಗೆಯಾದರೂ ಮಾತಾಡಬಹುದಾ? ನಮ್ಮ ಊರಲ್ಲಿ ನಮ್ಮ ಕೇರಿಯವರ ಲೋಟವನ್ನು ಟೀ ಅಂಗಡಿಯಲ್ಲಿ ಬೇರೆ ಇಡುತ್ತಿದ್ದ ಕಾಲದಲ್ಲೂ ಡೇರಿಯಲ್ಲಿ ನಮ್ಮ ಹಾಲು ಎಲ್ಲರ ಹಾಲಿನ ಜೊತೆ ಒಂದೇ ಕ್ಯಾನಿಗೆ ಬಿತ್ತು. ನನ್ನ ತಾತ ಅದನ್ನು ಹೇಳಿ ಹೇಳಿ ನಗುತ್ತಿದ್ದರು. ಅಷ್ಟರ ಮಟ್ಟಿಗೆ ಸಂಘ ದೊಡ್ಡದು. ಆದರೆ ಅಧ್ಯಕ್ಷ, ನಿರ್ದೇಶಕ ಅಂತ ಬಂದಾಗ ಎರಡು ಮನೆತನ ಬಿಟ್ಟು ಹೊರಗೆ ಹೋಗಿದ್ದು ನಾನು ಕಂಡಿಲ್ಲ. ‘ನಮ್ಮ ನಂದಿನಿ’ ಅನ್ನುವಾಗ ಆ ‘ನಮ್ಮ’ ಒಳಗೆ ನಾವು ಕ್ಯಾನಿನ ತನಕ ಮಾತ್ರ.

ಹೊಸಕೋಟೆ_ಹುಡುಗಿ
ಇದು ಸರಿಯಾದ ಮಾತು.

ಮಾಜಿ_ಕಾರ್ಯದರ್ಶಿ
ಒಪ್ಪುತ್ತೇನೆ. ಒಕ್ಕೂಟದ ನಿರ್ದೇಶಕರ ಚುನಾವಣೆ ಎಂಎಲ್‌ಎ ಚುನಾವಣೆಗೆ ಮೆಟ್ಟಿಲು. ಎಲ್ಲ ಪಕ್ಷದಲ್ಲೂ ಹಾಗೇ. ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನ 2008ರಲ್ಲಿ ಶುರು ಮಾಡಿದ್ದು ಯಡಿಯೂರಪ್ಪ, 2013ರಲ್ಲಿ 4, ಆಮೇಲೆ 5 ಮಾಡಿದ್ದು ಸಿದ್ದರಾಮಯ್ಯ. ಯಾರೂ ತೆಗೆಯುವ ಧೈರ್ಯ ಮಾಡಲಿಲ್ಲ, ಯಾಕೆಂದರೆ ಹಾಲು ಹಾಕುವ ಮನೆಗಳು ಲಕ್ಷಗಟ್ಟಲೆ. ನಮ್ಮ ಶಕ್ತಿ ಅಂದರೆ ಅದು. ಹಣ ತಿಂಗಳುಗಟ್ಟಲೆ ತಡವಾಗಿ ಬರುತ್ತದೆ ಅನ್ನುವುದು ನಮ್ಮ ದೌರ್ಬಲ್ಯ, ಅದಕ್ಕೆ ಬೀದಿಗೆ ಇಳಿದವರು ಕಡಿಮೆ.

ನೇರನುಡಿ
ನಿಮ್ಮ ಅಮುಲ್ ದ್ವೇಷಿಗಳಿಗೆ ಒಂದು ಮಾತು. ಅಮುಲ್ ಅಂಬಾನಿಯದಲ್ಲ. 1946ರಲ್ಲಿ ಖೇಡಾ ಜಿಲ್ಲೆಯ ರೈತರು ಪಾಲ್ಸನ್ ಕಂಪನಿಗೆ ಹಾಲು ಹಾಕಲ್ಲ ಅಂತ ಮುಷ್ಕರ ಮಾಡಿ ಕಟ್ಟಿದ್ದು. ತ್ರಿಭುವನದಾಸ್ ಪಟೇಲ್ ಅಧ್ಯಕ್ಷರು, 1949ರಲ್ಲಿ ಬಂದು ಅಮುಲ್ ಬೆಳೆಸಿದ ಕುರಿಯನ್ ಕೇರಳದವರು. ಕೆಎಂಎಫ್ ಹುಟ್ಟಿದ್ದೇ ಅಮುಲ್‌ನ ಊರಾದ ಆನಂದ್‌ನ ಮಾದರಿಯಲ್ಲಿ. 1974ರಲ್ಲಿ ನಿಗಮ ಮಾಡಿದೆವು, 1984ರಲ್ಲಿ ಮಹಾಮಂಡಳ ಆಯಿತು. ಗುರುವಿಗೇ ‘ಹೋಗು’ ಅಂದಿರಿ.

ಹೇಮಾವತಿ_ಬಲದಂಡೆ
ಅದಕ್ಕೇ ಹೇಳೋದು, ಆನಂದ್‌ನ ರೈತರು ತಮ್ಮ ಜಿಲ್ಲೆಯ ಹಾಲಿನ ಮೇಲೆ ಹೊರಗಿನವರ ಹಿಡಿತ ಬೇಡ ಅಂದರು. ನಾವೂ ಅದನ್ನೇ ಅಂದೆವು. ಶಿಷ್ಯರು ಪಾಠ ಸರಿಯಾಗಿ ಕಲಿತಿದ್ದಾರೆ.

ಕಾಫಿಪುಡಿ
😂 ಇದಕ್ಕೆ ನೇರನುಡಿ ಹತ್ತಿರ ಉತ್ತರ ಇದೆಯಾ?

ನೇರನುಡಿ
ಇದೆ. 2025ರ ಜೂನ್‌ನಲ್ಲಿ ನಮ್ಮ ಮೆಟ್ರೊದ ಹತ್ತು ನಿಲ್ದಾಣಗಳಲ್ಲಿ ಮಳಿಗೆ ಅಮುಲ್‌ಗೆ ಹೋಯಿತು ಅಂತ ಮತ್ತೆ ಗದ್ದಲ ಆಯಿತಲ್ಲ. ಟೆಂಡರ್‌ಗೆ ಅರ್ಜಿ ಹಾಕಿದ್ದು ಅಮುಲ್ ಒಂದೇ ಅಂತ ಡಿ.ಕೆ. ಶಿವಕುಮಾರ್ ಅವರೇ ಹೇಳಿದರು. ಕೂಗಾಟ ಆದ ಮೇಲೆ ಎಂಟು ನಿಲ್ದಾಣ ನಂದಿನಿಗೆ ಅಂದರು. ಅರ್ಜಿ ಹಾಕುವ ಕೆಲಸವನ್ನೂ ಅಸ್ಮಿತೆಯೇ ಮಾಡಬೇಕಾ?

ಹೇಮಾವತಿ_ಬಲದಂಡೆ
ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಅರ್ಜಿ ಹಾಕಬೇಕಿತ್ತು.

ಮೈಸೂರ್‌ಪಾಕ್
ತಿರುಪತಿ ಲಾಡು ವಿಷಯ ಯಾರೂ ಎತ್ತಲಿಲ್ಲವಲ್ಲ. 2023ರಲ್ಲಿ ಟಿಟಿಡಿ ಕೇಳಿದ ಬೆಲೆಗೆ ತುಪ್ಪ ಕೊಡಲು ಆಗಲ್ಲ ಅಂತ ಕೆಎಂಎಫ್ ಹಿಂದೆ ಸರಿಯಿತು. 2024ರಲ್ಲಿ ಕಲಬೆರಕೆ ಗಲಾಟೆ ಆದಾಗ ಮತ್ತೆ ನಂದಿನಿ ತುಪ್ಪವೇ ಹೋಯಿತು. ಕಡಿಮೆ ಬೆಲೆಗೆ ಒಪ್ಪಿಕೊಂಡಿದ್ದರೆ ಆ ವ್ಯತ್ಯಾಸವನ್ನು ಕೊನೆಗೆ ಹಾಲು ಹಾಕುವವನೇ ತುಂಬಬೇಕಿತ್ತು. ನನ್ನ ಮಟ್ಟಿಗೆ ರೈತನ ಪರ ತೆಗೆದುಕೊಂಡ ನಿಲುವು ಅಂದರೆ ಆವತ್ತು ‘ಆಗಲ್ಲ’ ಅಂದಿದ್ದು. ಯಾವ ಹ್ಯಾಷ್‌ಟ್ಯಾಗೂ ಇರಲಿಲ್ಲ.

ಚಿಂತಾಮಣಿ_ಚಂದ್ರು
ಇದು ನನಗೆ ಇಷ್ಟ ಆಯಿತು. 2025ರಲ್ಲಿ ಲೀಟರಿಗೆ 4 ರೂಪಾಯಿ ಏರಿಸಿದಾಗ ಪೂರ್ತಿ ರೈತನಿಗೆ ಅಂದರು. ಬೆಂಗಳೂರಿನ ನನ್ನ ಗೆಳೆಯರು, ಅದೇ ‘ನಂದಿನಿ ಉಳಿಸಿ’ ಗುಂಪಿನವರು, ಆವತ್ತು ಸ್ಟೇಟಸ್ ಹಾಕಿದ್ದು ‘ಬೆಲೆ ಏರಿಕೆ, ಜನಸಾಮಾನ್ಯರಿಗೆ ಬರೆ’ ಅಂತ. ಕನ್ನಡ ಪ್ರೇಮ 42 ರೂಪಾಯಿಗೆ ನಿಂತಿತ್ತು.

ಕಾಫಿಪುಡಿ
ಬಾಡಿಗೆ ಮನೆಯಲ್ಲಿದ್ದು ಎರಡು ಮಕ್ಕಳಿಗೆ ಹಾಲು ಕೊಳ್ಳುವವರಿಗೂ ಕಷ್ಟ ಇದೆ ಚಂದ್ರು. ಎಲ್ಲರನ್ನೂ ಹೋಟೆಲ್ ಮಾಲೀಕರ ತರ ನೋಡಬೇಡಿ.

ಚಿಂತಾಮಣಿ_ಚಂದ್ರು
ಸರಿ, ಅದೂ ನಿಜ. ಮಾಜಿ ಕಾರ್ಯದರ್ಶಿಗಳೇ, ಒಂದು ಕೇಳಬೇಕಿತ್ತು. ನಮ್ಮ ಸಂಘದ ಮಹಾಸಭೆ ಸೆಪ್ಟೆಂಬರ್ ಒಳಗೆ ಆಗಬೇಕು. ಈ ಸಲ ಅಮ್ಮನನ್ನೇ ಕರೆದುಕೊಂಡು ಹೋಗುತ್ತೇನೆ, ಸದಸ್ಯತ್ವ ಅಪ್ಪ ಹೋದ ಮೇಲೆ ಅವರ ಹೆಸರಿಗೇ ಇದೆ. ಏನು ಕೇಳಬೇಕು?

ಮಾಜಿ_ಕಾರ್ಯದರ್ಶಿ
ಮೊದಲು ಆಡಿಟ್ ವರದಿಯ ಪ್ರತಿ ಕೇಳಿ. ಓದಿ ಹೇಳುತ್ತೇವೆ ಅಂತಾರೆ, ಕೈಗೆ ಕೊಡಿ ಅನ್ನಿ. ಎರಡನೆಯದು ಸ್ಯಾಂಪಲ್ ಹಾಲು. ಪರೀಕ್ಷೆಗೆ ಅಂತ ಪ್ರತಿಯೊಬ್ಬರಿಂದ ತೆಗೆದುಕೊಂಡು ಮಿಕ್ಕಿದ್ದು ಎಲ್ಲಿ ಹೋಗುತ್ತದೆ, ಮಾರಿದ ದುಡ್ಡು ಯಾವ ಖಾತೆಗೆ ಬಿತ್ತು ಅಂತ ಕೇಳಿ. ಇದನ್ನು ಕೇಳಿದರೆ ಸಭೆ ಬಿಸಿ ಆಗುತ್ತದೆ, ಹೆದರಬೇಡಿ. ಮೂರನೆಯದು ಬೋನಸ್. ಲಾಭ ಬಂದಿದ್ದರೆ ಹಾಲು ಹಾಕಿದ ಲೆಕ್ಕಕ್ಕೆ ತಕ್ಕಂತೆ ಹಂಚಬೇಕು. ಕಟ್ಟಡ ನಿಧಿ ಅಂತ ತಿರುಗಿಸಿಬಿಡುತ್ತಾರೆ.

ಹೊಸಕೋಟೆ_ಹುಡುಗಿ
ಅಮ್ಮನೇ ಎದ್ದು ಕೇಳಲಿ, ನೀವಲ್ಲ. ಸದಸ್ಯರು ಅವರು.

ಜೋಳದರೊಟ್ಟಿ
ಮೆಣಸಿನಕಾಯಿ ಹಾಕುವವರಿಗೆ ಇಂಥದ್ದೊಂದು ಮಹಾಸಭೆಯೂ ಇಲ್ರೀ. ಅಡತಿ ಅಂಗಡಿಯವ ಚೀಟಿ ಕೊಟ್ಟ, ನಾವು ಇಸಕೊಂಡೆವು, ಮುಗೀತು. ನಿಮಗೆ ಕೇಳಲಿಕ್ಕಾದರೂ ಒಂದು ಜಾಗ ಐತಿ.

ನ್ಯೂಜೆರ್ಸಿ_ನಾಗ
ಚಂದ್ರು, ಸಭೆ ಆದ ಮೇಲೆ ಏನಾಯ್ತು ಅಂತ ಇಲ್ಲೇ ಬರೆಯಿರಿ. ಆ ಸ್ಯಾಂಪಲ್ ಹಾಲಿನ ಕಥೆ ನನಗೂ ಬೇಕು.

ಪಾಲಾರ್_ದಡ
ಸ್ಯಾಂಪಲ್ ಹಾಲಲ್ಲಿ ನಮ್ಮೂರ ಅಧ್ಯಕ್ಷರ ಮನೆಯಲ್ಲಿ ದಿನಾ ಮೊಸರು ಹೆಪ್ಪು ಹಾಕುತ್ತಾರೆ ಅಂತ ಊರೆಲ್ಲ ಆಡಿಕೊಳ್ಳುತ್ತೆ. ಪುರಾವೆ ಕೇಳಬೇಡಿ.

ನಿರ್ವಾಹಕ
ಪುರಾವೆ ಇಲ್ಲದಿದ್ದರೆ ಬರೆಯಬೇಡಿ 🙂